ಗುಲಾಬಿ ಗಿಡದಡಿಯ ಡ್ರಮ್ಮಿನವನು

ವಿಲ್ಫ್,

ಹತ್ತರ ಬಸ್ಸಿಗೆ ಗೆಳತಿ ಡೋರಾಳ ಮನೆಗೆ ಹೊರಟಿದ್ದೇನೆ. ಕುರಿಮಾಂಸದ ಪೈ ಇದೆ, ಬಿಸಿ ಮಾಡಿಕೊಂಡು ತಿನ್ನು. ಆ ಹರಾಜಿನವರಿಗೆ ಮಾತ್ರ ಫೋನು ಮಾಡಬೇಡ.

ನಿನ್ನೆ ಸೀಸದ ಬೊಂಬೆ ಸೈನಿಕರನ್ನು ಕೂಡಿಡುವ ನಿಮ್ಮ ಕ್ಲಬ್ಬಿನವರಿಗೆ ಟೀ ಕೊಡುವಾಗ ಎಲ್ಲ ಕೇಳಿಸಿಕೊಂಡೆ. "ಡ್ರಮ್ಮಿನವನೇ ಇಲ್ದಿದ್ಮೇಲೆ ಅದೆಂಥ ಬ್ಯಾಂಡಯ್ಯಾ?" ಎಂದು ಆ ರಡ್ಜ್ ನಿನ್ನ ಬೊಂಬೆ ಬ್ಯಾಂಡನ್ನು ತೋರಿಸಿ ಕೆಣಕಿದ. ಉಳಿದವರು ನಕ್ಕರು. ನೀನು ಕೆಂಪಗಾಗಿ, "ನಾಳೇನೇ ತಗೋತೀನಿ ನೋಡ್ತಿರು" ಅಂದುಬಿಟ್ಟೆ. ಹೆಬ್ಬೆರಳುದ್ದದ ಬೊಂಬೆಗೆ ಹರಾಜಿನಲ್ಲಿ ಇನ್ನೂರು ಪೌಂಡು! ಹೋದ ವರ್ಷ ಆ ಸೀಸದ ಕುದುರೆಗಳನ್ನು ಕೊಂಡದ್ದೂ ಹೀಗೇ, ಅವರೆದುರು ಸೋಲಬಾರದೆಂದು. ಈ ಚಳಿಗಾಲಕ್ಕೂ ನಿನಗೆ ಹೊಸ ಕೋಟು ಇಲ್ಲ.

ಅದಕ್ಕೇ ಬೆಳಿಗ್ಗೆ ಗುಲಾಬಿ ಗಿಡದ ಬುಡ ಅಗೆದೆ. ಕೈ ಮುರಿದ ಡ್ರಮ್ಮಿನವನನ್ನು ಬೆಂಕಿಪೊಟ್ಟಣದಲ್ಲಿಟ್ಟು ಅಲ್ಲೇ ಹೂತಿದ್ದೆವಲ್ಲ? ನಿನಗಾಗ ಆರು ವರ್ಷ. ನಾನು ಬಾಚಣಿಗೆಗೆ ಕಾಗದ ಸುತ್ತಿ ಕಹಳೆಯಂತೆ ಊದಿದೆ, ನೀನು ಸೆಲ್ಯೂಟ್ ಹೊಡೆದುಕೊಂಡೇ ಅತ್ತೆ. ಅವನು ಸಿಕ್ಕಿದ, ವಿಲ್ಫ್. ಬಣ್ಣವೆಲ್ಲ ಹೋಗಿದೆ, ಉಳಿದೊಂದು ಕೈ ಇನ್ನೂ ಡ್ರಮ್ಮಿನ ಮೇಲೇ ಇದೆ.

ತೊಳೆದು, ಬ್ಯಾಂಡಿನ ಖಾಲಿ ಜಾಗದಲ್ಲಿ ನಿಲ್ಲಿಸಿದ್ದೇನೆ. ರಡ್ಜ್ ನಕ್ಕರೆ ನಗಲಿ. ಅವನ ಅಷ್ಟು ಸೈನಿಕರಲ್ಲಿ ಒಬ್ಬನಿಗಾಗಿಯಾದರೂ ಯಾರಾದರೂ ಅತ್ತಿದ್ದಾರೆಯೇ, ಕೇಳು.

ಎನಿಡ್ ಅಕ್ಕ