ನಂದೂ ಹಂಗ ಬರ್ಕೋರಿ

ರಾಯಚೂರು, ಫೆಬ್ರುವರಿ 30, 2219

ಸಮಾನತೆಯ ನಮೂನೆ ಬರೆಯಲು ಕುಳಿತಿರುವ ನನ್ನ ಹಿರೀಕರಿಗೆ, ಹಂಪಮ್ಮನ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ತಂಪಿನ ತಿಂಗಳು ಇನ್ನೆರಡು ದಿನ ಇರಲಿ ಎಂದು ನಮ್ಮವರು ಠರಾವು ಮಾಡಿ ಫೆಬ್ರುವರಿಯನ್ನು ಹಿಗ್ಗಿಸಿದರು. ಬಿಸಿಲು ಅದಕ್ಕೆ ಸೊಪ್ಪು ಹಾಕಲಿಲ್ಲ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪತ್ರಿಕೆಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕಾಲದ ದೂರಕ್ಕೆ ಅರ್ಧ, ನನ್ನ ಸಿಟ್ಟಿಗೆ ಅರ್ಧ ಎಂದು ಹಂಚಿ ಕ್ಷಮಿಸಿಬಿಡಿ. ಬೆಳಗಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ಓಡಾಡುತ್ತೇನೆ. ನಾಳೆ ನನ್ನ ಸೋದರಮಾವ ಮೌನೇಶನಿಗೆ ಆಪರೇಷನ್.

ನಾವಿರುವುದು ನೆರಳುಬೀದಿಯಲ್ಲಿ, ಅಂದರೆ ಮನೆಯಿಂದ ಮನೆಗೆ ದಪ್ಪ ಬಟ್ಟೆಯ ಚಪ್ಪರ ಎಳೆದ ಬೀದಿ. ಬೇಸಿಗೆಯಲ್ಲಿ ಅದರಾಚೆ ಕಾಲಿಟ್ಟರೆ ಚಪ್ಪಲಿ ಮೆತ್ತಗಾಗುತ್ತದೆ. ಮಧ್ಯಾಹ್ನ ಬೀದಿಯವರೆಲ್ಲ ಅದರಡಿ ಕುಳಿತು ರೊಟ್ಟಿ ಬಿಚ್ಚುತ್ತೇವೆ, ಪಕ್ಕದವರ ಪಲ್ಯಕ್ಕೆ ಹೆಸರಿಡುತ್ತೇವೆ. ಆ ಚಪ್ಪರ ಹೊಲಿಯುವ ಕಾರ್ಖಾನೆಯಲ್ಲಿ ಮಾವ ಮೇಸ್ತ್ರಿ. ಹುಟ್ಟಿದಾಗ ಅವನನ್ನು ಹೆಣ್ಣೆಂದು ತೊಟ್ಟಿಲಿಗೆ ಹಾಕಿದ್ದರು. ಬೆಳೆದ ಮೇಲೆ ತಾನು ಗಂಡಸೆಂದು ಹೇಳಿದ. ಅವನ ತಾಯಿ, ಅಂದರೆ ನನ್ನ ಅಜ್ಜಿ, ಮನಸಾರೆ ಅತ್ತು, ಆಮೇಲೆ ಪೇಟೆಗೆ ಹೋಗಿ ಧೋತರ ತಂದಳು. ಮನೆಯಲ್ಲಿ ಮಾತು ಅಲ್ಲಿಗೆ ಮುಗಿಯಿತು. ಕಾರ್ಖಾನೆಯಲ್ಲಿ ಯಾರಿಗೂ ಆ ಹಳೆಯ ಕಥೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಯಾರಿಗೆ ಕೆಲಸ ಸಿಗುತ್ತಿದೆ, ಯಾರಿಗೆ ಬಡ್ತಿ ತಪ್ಪುತ್ತಿದೆ ಎಂದು ತಿಳಿಯಲು ನಮ್ಮಲ್ಲೂ ವರ್ಷಕ್ಕೊಮ್ಮೆ ಸಮಾನತೆಯ ನಮೂನೆ ಬರುತ್ತದೆ. ನೀವು ಹೆಣ್ಣೋ, ಗಂಡೋ, ಬೇರೆಯೋ ಎಂಬುದು ಒಂದು ಪ್ರಶ್ನೆ. ಹುಟ್ಟಿದಾಗ ನಿಮ್ಮ ದೇಹವನ್ನು ಏನೆಂದು ಬರೆದರು ಎಂಬುದು ಇನ್ನೊಂದು. ನೀವು ಇವೆರಡನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿ ಜಗಳವಾಡುತ್ತಿದ್ದಿರಂತೆ. ನಾವು ಬಿಡಿಸಿದೆವು, ಜಂಬಪಟ್ಟೆವು. ಅಷ್ಟಕ್ಕೇ ನಿಲ್ಲದೆ, ಪರರ ಮೈಯ ವಿಷಯ ಕೇಳುವವರು ಮೊದಲು ತಮ್ಮದನ್ನು ಹೇಳಬೇಕೆಂಬ ಮರ್ಯಾದೆಯನ್ನೂ ರೂಢಿಗೆ ತಂದೆವು. ಅದಕ್ಕೆ ಮೊದಲುತ್ತರ ಎನ್ನುತ್ತೇವೆ. ಸಾಲದ್ದಕ್ಕೆ, ಎರಡನೆಯ ಉತ್ತರವನ್ನು ಹೆಸರಿನ ಸಮೇತ ಕರೆಗಾಡಿಗೂ ಕಳಿಸುತ್ತೇವೆ. ಕರೆಗಾಡಿ ಎಂದರೆ ಮನೆಬಾಗಿಲಿಗೆ ಬಂದು ಹೆಸರು ಕೂಗಿ, ಅವರವರ ದೇಹಕ್ಕೆ ತಕ್ಕ ತಪಾಸಣೆ ಮಾಡುವ ಆಸ್ಪತ್ರೆಯ ವ್ಯಾನು. ಒಂದೇ ಹಾಳೆಯಿಂದ ಎರಡು ಕೆಲಸ ಆಯಿತೆಂದು ದೊಡ್ಡವರು ಬೆನ್ನು ತಟ್ಟಿಕೊಂಡರು.

ಆ ಮೊದಲುತ್ತರದ ಮರ್ಯಾದೆ ನಮ್ಮೂರಲ್ಲಿ ಏನಾಯಿತು ಕೇಳಿ. ಸಾಲಿನ ಮೊದಲಿನವರು ಚಹಾ ಎಂದರೆ ಕೊನೆಯವರೆಗೂ ಚಹಾ ಎನ್ನುವ ಜನ ನಾವು. ನಮೂನೆ ತುಂಬಿಸುವ ಗವಿಸಿದ್ಧ ಒಳ್ಳೆಯ ಮನುಷ್ಯ. ಕಾರ್ಖಾನೆಯ ಊಟದ ಸಾಲಿನಲ್ಲಿ ನಿಂತು, ತಾನು ಗಂಡಸು, ಹುಟ್ಟಿದ್ದೂ ಗಂಡಾಗಿಯೇ ಎಂದು ವಿನಯದಿಂದ ಹೇಳುತ್ತಾನೆ. ಗಂಡಸರೆಲ್ಲ ಒಬ್ಬರ ಹಿಂದೊಬ್ಬರು, "ನಂದೂ ಹಂಗ ಬರ್ಕೋರಿ" ಎನ್ನುತ್ತಾರೆ. ಅಷ್ಟು ಜನರ ಮುಂದೆ ಮಾವ ಇನ್ನೇನು ಹೇಳಬೇಕಿತ್ತು? ಅವನೂ ಹಾಗೇ ಅಂದ, ವರ್ಷ ವರ್ಷವೂ ಅಂದ. ಗರ್ಭಕೋಶದ ತಪಾಸಣೆಗೆ ಕರೆಗಾಡಿ ನನ್ನನ್ನು ಕರೆಯಿತು, ಅಮ್ಮನನ್ನು ಕರೆಯಿತು, ಮಾವನನ್ನು ಕರೆಯಲಿಲ್ಲ. ತಾನಾಗಿ ಹೋಗಿ ಹೇಳಿಕೊಳ್ಳಲು ಅವನಿಗೆ ಸಂಕೋಚ. ಹೊಟ್ಟೆ ಹಿಡಿದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದ. ಈಗ ಗರ್ಭಕೋಶದಲ್ಲಿ ಗಡ್ಡೆ. ಎಷ್ಟು ಹರಡಿದೆಯೆಂದು ನಾಳೆ ತೆರೆದು ನೋಡಿದ ಮೇಲೆಯೇ ಹೇಳುತ್ತಾರಂತೆ.

ಹೆಸರು ಹೇಳದೆ ಆಸ್ಪತ್ರೆಯವರು ಊರಸಭೆಗೆ ಸಂಗತಿ ತಿಳಿಸಿದ್ದಾರೆ. ಸಭೆ ಎರಡು ಪಾಲಾಗಿದೆ. ಎರಡನೆಯ ಪ್ರಶ್ನೆಯನ್ನೇ ಕಿತ್ತುಹಾಕಿ ಎನ್ನುವವರು ಒಂದು ಕಡೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಜಾಣರು. ಡಾಕ್ಟರ ಸರ್ಟಿಫಿಕೇಟು ಇಲ್ಲದೆ ಯಾರ ಮಾತನ್ನೂ ನಂಬಬೇಡಿ ಎನ್ನುವವರು ಇನ್ನೊಂದು ಕಡೆ. ಯಾವುದನ್ನು ಕೇಳಿದರೂ ನನಗೆ ಮೈ ಉರಿಯುತ್ತದೆ. ಮಾವ ಗೋಡೆಯ ಕಡೆ ತಿರುಗಿ ಮಲಗಿಕೊಂಡೇ ಅಂದ: "ಕೇಳಬ್ಯಾಡ್ರಿ ಅನ್ನಂಗಿಲ್ಲ, ಹಂಪವ್ವ. ಯಾಕ ಕೇಳಾಕತ್ತೀರಿ, ಯಾರಿಗೆ ತೋರಿಸ್ತೀರಿ, ಅದನ್ನ ಹೇಳ್ರಿ. ಡಾಕ್ಟರಿಗೆ ಹೇಳೂದು ಬ್ಯಾರೆ, ಊಟದ ಸಾಲಿನ್ಯಾಗ ಒದರೂದು ಬ್ಯಾರೆ."

ಹಿರಿಯರೇ, ನಿಮ್ಮ ಹಾಳೆ ಇನ್ನೂ ಕರಡು. ಎರಡು ಪ್ರಶ್ನೆಗಳನ್ನೂ ಬೇರೆ ಬೇರೆಯಾಗಿ ಕೇಳಿ, ಆದರೆ ಸಮಾನತೆ ಎಣಿಸುವ ಹಾಳೆಯಲ್ಲಿ ಹೆಸರು ಬೇಡ. ಮರೆಯಲ್ಲಿ ಕುಳಿತು ಬರೆಯಲು ಬಿಡಿ, ಬರೆಯದಿರಲೂ ಬಿಡಿ. ದೇಹಕ್ಕೆ ಬೇಕಾದ ಹಾಳೆ ಡಾಕ್ಟರ ಕೋಣೆಯಲ್ಲೇ ಹುಟ್ಟಿ ಅಲ್ಲೇ ಇರಲಿ. ಎರಡನ್ನೂ ಒಂದು ಮಾಡುವ ಚಾಳಿಗೆ ನೀವು ಬೀಳದಿದ್ದರೆ, ಅದು ನಮ್ಮವರೆಗೂ ಬರುವುದಿಲ್ಲ.

ಇಷ್ಟು ಬರೆದು, ನೀವು ಓದಿ ತಿದ್ದಿಬಿಟ್ಟಿರೇನೋ ಎಂಬ ಹುಚ್ಚು ಆಸೆಯಿಂದ ಒಳಗೆ ಹೋಗಿ ನೋಡಿದೆ. ಮಾವ ಗಟ್ಟಿಮುಟ್ಟಾಗಿ ಎದ್ದು ಕಾರ್ಖಾನೆಗೆ ಹೋಗಿರಲಿಲ್ಲ. ಕನ್ನಡಿ ಹಿಡಿದು ಹಾಸಿಗೆಯಲ್ಲೇ ಕೂತಿದ್ದ. ಸಂಜೆ ಹೆಂಗಸರ ವಾರ್ಡಿಗೆ ಸೇರಿಸಿಕೊಳ್ಳುತ್ತಾರಲ್ಲ, ಮೀಸೆ ತೆಗೆದುಬಿಡಲೇನು ಎಂದು ನನ್ನನ್ನು ಕೇಳಿದ.