ಹಳೆಯ ನಿಯಮದ ಮೊಮ್ಮಗಳು

ಪೊಮೆರಾಯ್, ಒಹಾಯೊ
ಅಕ್ಟೋಬರ್ 13, 2026

ಮುದ್ದು ಡಾರ್ಸಿ,

ಹೇಗಿದ್ದೀಯ ಪುಟ್ಟಿ? ಕೆಮ್ಮು ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ಇಲ್ಲಾ ಈಗಲೂ ಸಿಂಕಿನ ಮುಂದೆ ನಿಂತು ಹಾಲಿಗೆ ಸುರಿದ ಸೀರಿಯಲ್ ತಿಂದೇ ದಿನ ದೂಡುತ್ತೀಯಾ? ಯಾವಾಗಲೂ ಅಜ್ಜಿ ಬರೆಯುತ್ತಿದ್ದಳು, ಈ ಸಲ ಅಜ್ಜ ಪೆನ್ನು ಹಿಡಿದಿದ್ದಾನಲ್ಲ ಎಂದು ಹುಬ್ಬೇರಿಸಬೇಡ. ಅವಳದೇ ಅಪ್ಪಣೆ. ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ. ನೀನು ಕಿವಿಯ ಡಾಕ್ಟರಾಗಿ ಬರುವವರೆಗೂ ಅದು ಹಾಗೇ ಇರಲಿ.

ಎದುರು ಮನೆಯ ರೋಂಡಾ ಕಾಲೇಜಿನ ಸಾಲದ ವಿಭಾಗದಲ್ಲಿದ್ದಾಳಲ್ಲ, ಮೊನ್ನೆ ನಮ್ಮ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಪದವಿ ಮುಗಿಸಿ ಮುಂದೆ ಓದುವವರಿಗೆ ಖರ್ಚಿಗೆ ಬೇಕಾದಷ್ಟೂ ಕೇಂದ್ರ ಸರ್ಕಾರ ಸಾಲ ಕೊಡುತ್ತಿದ್ದ ಕಾಲ ಜುಲೈಗೆ ಮುಗಿಯಿತಂತೆ. ಈಗ ಮಿತಿ ಹಾಕಿದ್ದಾರೆ. ನಿನ್ನ ಓದಿನ ಖರ್ಚಿನ ಅರ್ಧಕ್ಕೂ ಅದು ಸಾಲದು. ಮೊದಲೇ ಸೇರಿ ಸಾಲ ತೆಗೆದ ನಿನ್ನಂಥವರಿಗೆ ಮಾತ್ರ ಸದ್ಯಕ್ಕೆ ಹಳೆಯ ನಿಯಮ. "ಆದ್ರೆ ನಡುವೆ ಬಿಟ್ಟು ಬಂದ್ಲೋ, ಮುಗೀತು ನೋಡಿ. ವಾಪಸ್ ಸೇರಿದ್ರೆ ಹೊಸ ನಿಯಮಾನೇ. ಬ್ಯಾಂಕಿನೋರ ಕಾಲು ಹಿಡೀಬೇಕು. ಅವ್ರು ಜಾಮೀನು ಕೇಳ್ತಾರೆ, ನೀವು ನಿಲ್ತೀರಾ?" ಎಂದು ನಕ್ಕಳು. ನಿನ್ನ ಅಜ್ಜಿ ನಗಲಿಲ್ಲ. ಅದನ್ನೇ ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಕೇಳಿಸ್ತಾ ಮುದುಕಾ? ಏನೇ ಆದ್ರೂ ಆ ಹುಡುಗಿ ಕ್ಲಾಸು ಬಿಡಬಾರ್ದು" ಎಂದು ಕೂಗಿದಳು.

ಅಜ್ಜಿ ಚೆನ್ನಾಗಿದ್ದಾಳೆ ಎಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ. ಆದರೆ ಮದುವೆಯಾದಾಗಿನಿಂದ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳದವಳು ಈಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನನ್ನ ಕೈಯಲ್ಲೇ ಬೀನ್ಸ್ ಬೇಯಿಸುತ್ತಾಳೆ. ಉಪ್ಪು ಜಾಸ್ತಿಯಾದರೂ ಬೈಯುವುದಿಲ್ಲ. ಚರ್ಚಿನಲ್ಲಿ ಹಾಡುವ ಗುಂಪಿನ ತನ್ನ ಜಾಗವನ್ನು ಬೇರೆಯವಳಿಗೆ ಬಿಟ್ಟುಕೊಟ್ಟಳು. ಚಳಿಗಾಲದ ಕೋಟನ್ನು ರೋಂಡಾಗೆ ಕೊಟ್ಟುಬಿಟ್ಟಳು. ಚಳಿಗಾಲ ಇನ್ನೂ ಬಂದೇ ಇಲ್ಲ. ಯಾಕೆ ಎಂದು ಕೇಳಿದರೆ "ಬಿಗಿಯಾಗ್ತಿತ್ತು" ಅಂದಳು. ಅದು ಅವಳ ಮೈಮೇಲೆ ಜೋತಾಡುತ್ತಿತ್ತು. ನನಗೆ ಭಯವಾಗುತ್ತದೆ ಡಾರ್ಸಿ.

ಈ ಸಲ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನೀನು ಬರುವುದು ಬೇಡ, ಅಲ್ಲೇ ಕೂತು ಓದಿಕೋ ಎಂದೂ ಬರೆಯಲು ಹೇಳಿದ್ದಾಳೆ. ನಿನ್ನ ಸ್ವಭಾವ ಅವಳಿಗೆ ಗೊತ್ತಲ್ಲ! ನಿನ್ನ ಅಮ್ಮ ಆಸ್ಪತ್ರೆ ಸೇರಿದಾಗ ಶಾಲೆ ಬಿಟ್ಟು ಹಾಸಿಗೆಯ ಪಕ್ಕ ಕೂತವಳು ನೀನು. ಯಾರು ಎಬ್ಬಿಸಿದರೂ ಏಳಲಿಲ್ಲ. ಆ ವರ್ಷ ಪೂರ್ತಿ ಹಾಳಾಯಿತು.

ಮೈ ಜೋಪಾನ. ದೇವರು ನಿನ್ನ ಜೊತೆಗಿರಲಿ. ಅಜ್ಜಿ ಮುತ್ತು ಕಳಿಸಿದ್ದಾಳೆ.

ನಿನ್ನ ಅಜ್ಜ,
ವರ್ಜಿಲ್

ಇನ್ನೊಂದು ಮಾತು: ಅವಳು ಮಲಗಿದ್ದಾಳೆ, ಬೇಗ ಬರೆದುಬಿಡುತ್ತೇನೆ. ಕ್ಯಾನ್ಸರ್. ಎಲ್ಲ ಕಡೆ ಹರಡಿದೆಯಂತೆ. ನಿನಗೆ ಹೇಳಕೂಡದೆಂದು ನನ್ನಿಂದ ಬೈಬಲ್ ಮುಟ್ಟಿಸಿ ಆಣೆ ಹಾಕಿಸಿದ್ದಾಳೆ. ಹಬ್ಬದ ತನಕ ಕಾಯಬೇಡ, ಈ ಶನಿವಾರವೇ ಬಾ. ಬಟ್ಟೆಬರೆ ತರಬೇಡ. ಭಾನುವಾರ ಸಂಜೆ ನಿನ್ನನ್ನು ಬಸ್ಸು ಹತ್ತಿಸುತ್ತೇನೆ. ನೀನು ಎಷ್ಟು ಅತ್ತರೂ ಸರಿ, ಅವಳೇ ನಿನ್ನ ಕೈ ಹಿಡಿದುಕೊಂಡು ಬಿಡದೇ ಹೋದರೂ ಸರಿ, ಆ ಕೈ ಬಿಡಿಸಿ ಹತ್ತಿಸುತ್ತೇನೆ.