ಜೇಬಿನಲ್ಲುಳಿದ ಚೂಪು ಮೊಳೆಗಳು

ವಿಲ್ನಾ, ಕ್ರಿಸ್‌ಮಸ್ ಕಳೆದು ಮೂರನೆಯ ದಿನ, ೧೮೧೨

ನನ್ನ ಅಮ್ಮಾ,

ಇವತ್ತೂ ಗಂಜಿ ಬರಲಿಲ್ಲ, ಒಲೆಗೆ ಸೌದೆಯಿಲ್ಲ, ಈ ಮಠದ ಕಿಟಕಿಗೆ ಗಾಜಿನ ಬದಲು ಯಾರದೋ ಕೋಟು ತುರುಕಿದ್ದಾರೆ. ನಾವೀಗ ರಷ್ಯನ್ನರ ಕೈದಿಗಳು. ಅದಿರಲಿ, ನಿನ್ನ ಮೊಣಕಾಲು ಹೇಗಿದೆ? ಅಪ್ಪನ ಬೆನ್ನುನೋವು? ನಾನು ಹೇಳಿದ್ದನ್ನು ಪಕ್ಕದ ಹಾಸಿಗೆಯ ಗುಮಾಸ್ತ ಬರೆದುಕೊಳ್ಳುತ್ತಿದ್ದಾನೆ. ಬೈಗುಳ ಬಂದಲ್ಲಿ ಸುಮ್ಮನೆ ಕೆಮ್ಮುತ್ತಾನೆ, ಬರೆಯುವುದಿಲ್ಲ.

ನಮ್ಮ ಇಷ್ಟು ದೊಡ್ಡ ಸೈನ್ಯ ಹೇಗೆ ಸೋತಿತೆಂದು ಊರಲ್ಲಿ ಕೇಳುತ್ತಿರಬಹುದು. ಎಲ್ಲರೂ ಚಳಿ ಅನ್ನುತ್ತಾರೆ. ಚಳಿ ನಮ್ಮ ಬೆಟ್ಟಕ್ಕೂ ಬರುತ್ತದಲ್ಲ? ಸಕಲ ಸಂತರ ಹಬ್ಬಕ್ಕೆ ಮೊದಲೇ ಅಪ್ಪ ಊರಿನ ಪ್ರತಿ ಕುದುರೆಯ ಲಾಳಕ್ಕೂ ಚೂಪು ಮೊಳೆ ಹೊಡೆದಿರುತ್ತಾರೆ, ಹಿಮದಲ್ಲಿ ಜಾರದಿರಲಿ ಎಂದು. ಅವರು ಕೊಟ್ಟ ಮೊಳೆಪೆಟ್ಟಿಗೆಯನ್ನು ಮಾಸ್ಕೋವರೆಗೂ ಕಾಪಾಡಿಕೊಂಡು ಹೋಗಿದ್ದೆ. ಅಲ್ಲಿ ಐದು ವಾರ ಕೂತೆವು, ಶತ್ರು ಸಂಧಿಗೆ ಬರುತ್ತಾನೆಂದು. ಬರಲಿಲ್ಲ. ಹೊರಡುವ ಹಿಂದಿನ ದಿನ, ನಮ್ಮ ಪಡೆಯ ಲಾಳದವರಿಗೆಲ್ಲ ಹಿರಿಯನಾದ ನಿನ್ನ ತಮ್ಮ, ತಿಯೆಬೋ ಮಾವ, ಪೆಟ್ಟಿಗೆಯನ್ನು ಗಾಡಿಯಿಂದ ಕೆಳಕ್ಕೆಸೆದರು. "ಲೋ ಅನ್ಸೆಲ್ಮ್, ಚಳಿ ಶುರುವಾಗೋದ್ರೊಳಗೆ ಊರಲ್ಲಿರ್ತೀವಿ ಕಣೋ, ಈ ತುಕ್ಕು ಯಾಕೆ?" ಆ ಜಾಗಕ್ಕೆ ಯಾರದೋ ಮನೆಯ ಬೆಳ್ಳಿ ದೀಪದ ಕಂಬಗಳು ಬಂದವು. ನಾನು ಕೈಗೆ ಸಿಕ್ಕಷ್ಟು ಮೊಳೆ ಜೇಬಿಗೆ ತುಂಬಿಕೊಂಡೆ. "ಅಪ್ಪನಿಗೆ ತಕ್ಕ ಮಗ ಕಣಪ್ಪ ನೀನು!" ಎಂದು ನಕ್ಕರು.

ಹಿಂದಿರುಗುವ ದಾರಿಯಲ್ಲಿ ಸ್ಮೋಲೆನ್ಸ್ಕ್ ಊರು ದಾಟಿದ ಮೇಲೆ ಹಿಮದ ಪ್ರತಿ ಇಳಿಜಾರಿನಲ್ಲೂ ಕುದುರೆಗಳು ಬಿದ್ದವು. ಎಬ್ಬಿಸಿದರೆ ಮತ್ತೆ ಬಿದ್ದವು. ಕುದುರೆ ಹೋದ ಮೇಲೆ ತೋಪು ಹೋಯಿತು, ಹಿಟ್ಟಿನ ಗಾಡಿ ಹೋಯಿತು, ಆಮೇಲೆ ಜನ. ನಮ್ಮ ಚಕ್ರವರ್ತಿಗಳೇ ನಮ್ಮನ್ನು ಬಿಟ್ಟು ಜಾರುಬಂಡಿ ಹತ್ತಿ ಹೋದರೆಂದು ಕೇಳಿ ಮುದಿ ಸಿಪಾಯಿಗಳು ಅತ್ತರು. ನಾನು ಅಳಲಿಲ್ಲ, ಮಾವ ಜೊತೆಗಿದ್ದರಲ್ಲ. ನನ್ನ ಮೊಳೆಗಳಿಂದ ಒಂದು ಕಂದು ಕುದುರೆ ಮಾತ್ರ ಗಟ್ಟಿಯಾಗಿ ನಿಂತಿತ್ತು. ಈ ಊರಿಗೆ ಬರುವಾಗ ನನಗೆ ಜ್ವರ. "ಇಲ್ಲೇ ಕೂತಿರು ಮರಿ, ಬ್ರೆಡ್ ತರ್ತೀನಿ" ಎಂದು ಮಾವ ಆ ಕುದುರೆಯನ್ನು ಹಿಡಿದುಕೊಂಡು ಹೋದರು. ಊರಾಚೆಯ ಪೊನಾರಿ ಏರಿನಲ್ಲಿ ಗಾಡಿಗಳೆಲ್ಲ ಸಿಕ್ಕಿಬಿದ್ದವಂತೆ. ಒಂದು ಕಂದು ಕುದುರೆ ಮಾತ್ರ ಬೆಳ್ಳಿ ಹೊತ್ತು ಸರಸರನೆ ಹತ್ತಿತಂತೆ.

ಅಪ್ಪನ ಕೈಗೊಂದು ಮುತ್ತು. ದೇವಮಾತೆ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅನ್ಸೆಲ್ಮ್

ಮರೆತೆ: ಮಾವ ಈ ಕಾಗದಕ್ಕಿಂತ ಮುಂಚೆ ನಿನ್ನ ಬಾಗಿಲಿಗೆ ಬರುತ್ತಾರೆ. ನಾನು ಸತ್ತೆನೆಂದು, ತಾನೇ ಕೈಯಾರೆ ಮಣ್ಣು ಮಾಡಿದೆನೆಂದು ಅನ್ನುತ್ತಾರೆ. ಒಡಹುಟ್ಟಿದವನ ಮಾತೆಂದು ನಂಬಬೇಡಮ್ಮ. ಪಾದ್ರಿಗಳು ನನ್ನ ಹೆಸರನ್ನು ಸತ್ತವರಲ್ಲಿ ಬರೆದಿದ್ದರೆ ಅಳಿಸಿಸು. ಕಾಲೆರಡೂ ಇವೆ, ಜ್ವರ ಇಳಿದಿದೆ. ಈಸ್ಟರ್ ಆದ ಮೇಲೆ ನಮ್ಮನ್ನು ಇನ್ನೂ ಒಳನಾಡಿಗೆ ಸಾಗಿಸುತ್ತಾರಂತೆ. ಒಂದು ಸಾಲಾದರೂ ಬರೆಸು. ಈಸ್ಟರ್ ಸೋಮವಾರ ಬೆಳಿಗ್ಗೆಯವರೆಗೆ ಇಲ್ಲಿರುತ್ತೇನೆ.